ಉಳಿದ ದಿನಗಳ ಲೆಕ್ಕ

ಕಾಯಕವನ್ನು ಅರಸಿ ಹುಟ್ಟಿದೂರನ್ನು ಬಿಟ್ಟು ಹೋಗುವುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ಸೇರಿದ ಶರಣರಲ್ಲಿ ಅನೇಕರು ದೂರದೂರದ ಸೀಮೆಗಳಿಂದ ಬಂದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಟ್ಟಿಗೆಯ ಹೊರೆ ಹೊತ್ತು ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಹಾಗೆ ಬಂದವರನ್ನು ಊರಬಾಗಿಲಲ್ಲಿ ತಡೆದು ಕಾಗದ ಕೇಳುವವರಿರಲಿಲ್ಲ. ಇಂದಿನ ಜಗತ್ತು ಬೇರೆ. ಇಂದು ಗಡಿ ದಾಟಿ ದುಡಿಯಹೋಗುವವನ ವಿದ್ಯೆ, ಶ್ರಮ, ಶೀಲಗಳ ಜೊತೆಗೆ ಅವನ ಕೈಯಲ್ಲಿರುವ ಕಾಗದವನ್ನೂ ತೂಗಲಾಗುತ್ತದೆ. ಆ ಕಾಗದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ತಿಳಿವಳಿಕೆ ಇಲ್ಲದೆ ಎಷ್ಟೋ ಕುಟುಂಬಗಳು ಕಳವಳಕ್ಕೆ ಸಿಲುಕುತ್ತಿವೆ. ಆದುದರಿಂದ ನಮ್ಮ ಮನೆತನದಲ್ಲಿ ನಡೆದ ಒಂದು ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿತು.

ಹುಬ್ಬಳ್ಳಿಯಲ್ಲಿ 1947ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಕಲಬುರಗಿಯ ಪಿ.ಡಿ.ಎ., 1963ರಲ್ಲಿ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಮತ್ತು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, 1979ರಲ್ಲಿ ದಾವಣಗೆರೆಯ ಬಾಪೂಜಿ ಕಾಲೇಜು, ಹೀಗೆ ಮಠಗಳೂ ಸಮಾಜದ ಹಿರಿಯರೂ ಕಟ್ಟಿದ ಸಂಸ್ಥೆಗಳಲ್ಲಿ ಓದಿದ ತರುಣ ತರುಣಿಯರು ಅಮೆರಿಕೆಯ ನಗರ ನಗರಗಳಲ್ಲಿ ಇಂದು ದುಡಿಯುತ್ತಿದ್ದಾರೆ. ಅಲ್ಲಿ ಉತ್ತರ ಅಮೆರಿಕ ವೀರಶೈವ ಸಮಾಜವೂ ಇದೆ, ಇಷ್ಟಲಿಂಗ ಪೂಜೆಯ ಮನೆಗಳೂ ಇವೆ. ಹೀಗೆ ಹೋದವರಲ್ಲಿ ಬಹುಮಂದಿ ಹೋದದ್ದು ‘ಎಚ್-1ಬಿ’ ಎಂಬ ಹೆಸರಿನ ಅನುಮತಿಯ ಮೇಲೆ. ವಿಶೇಷ ವಿದ್ಯೆ ಬೇಕಾದ ಉದ್ಯೋಗಗಳಿಗೆ ಹೊರದೇಶದವರನ್ನು ನಿಯಮಿತ ಕಾಲಕ್ಕೆ ಕರೆಸಿಕೊಳ್ಳಲು ಅಮೆರಿಕ ಸರಕಾರ ಮಾಡಿಕೊಂಡ ಏರ್ಪಾಡು ಅದು. 1990ರ ವಲಸೆ ಕಾಯ್ದೆ ಇದಕ್ಕೆ ವರ್ಷಕ್ಕೆ 65,000 ಎಂಬ ಮಿತಿಯನ್ನು ಹಾಕಿತು. ಕಂಪ್ಯೂಟರ್ ಉದ್ಯಮ ಉಕ್ಕಿ ಬೆಳೆದ ಕಾಲದಲ್ಲಿ, 1999 ಮತ್ತು 2000ರ ಆರ್ಥಿಕ ವರ್ಷಗಳಿಗೆ ಮಿತಿ 1,15,000ಕ್ಕೂ, 2001ರಿಂದ 2003ರವರೆಗೆ 1,95,000ಕ್ಕೂ ಏರಿ, 2004ರಲ್ಲಿ ಮರಳಿ 65,000ಕ್ಕೆ ಇಳಿಯಿತು. ಅಮೆರಿಕೆಯಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಇನ್ನು 20,000 ಸ್ಥಾನಗಳು ಬೇರೆಯಾಗಿ ಸೇರಿದವು.

ಸ್ಥಾನಗಳು ಇಷ್ಟೇ, ಬೇಡುವವರು ಅದಕ್ಕೆ ಅನೇಕ ಪಟ್ಟು. 2023ರ ವಸಂತದಲ್ಲಿ ಸಲ್ಲಿಕೆಯಾದ ನೋಂದಣಿಗಳು ಸುಮಾರು 7 ಲಕ್ಷ 80 ಸಾವಿರ. ಒಬ್ಬನೇ ಅಭ್ಯರ್ಥಿಯ ಹೆಸರನ್ನು ಹಲವು ಕಂಪನಿಗಳಿಂದ ಬರೆಸಿ ಚೀಟಿಯಲ್ಲಿ ಗೆಲ್ಲುವ ಉಪಾಯಗಳು ನಡೆದವು. 2024ರಿಂದ ಸರಕಾರ ನೋಂದಣಿಗಳ ಸಂಖ್ಯೆಯ ಬದಲು ವ್ಯಕ್ತಿಯನ್ನೇ ಎಣಿಸಿ ಆರಿಸತೊಡಗಿತು. ನೋಂದಣಿಗಳು ಕೂಡಲೇ 4 ಲಕ್ಷ 80 ಸಾವಿರಕ್ಕೆ ಇಳಿದವು. ಒಟ್ಟು ಅನುಮೋದನೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರ ಪಾಲು. ಇಂಥ ಇಕ್ಕಟ್ಟಿನಲ್ಲಿ ಒಮ್ಮೆ ಆಯ್ಕೆಯಾದವನ ಹಳೆಯ ಅನುಮೋದನೆ ಪತ್ರಕ್ಕೆ ಬೆಲೆ ಬಂದಿರುವುದು ಸಹಜ. ಅನಾರೋಗ್ಯ, ತಂದೆತಾಯಿಗಳ ಮುಪ್ಪು, ಕೆಲಸದ ಕುಸಿತ, ಮದುವೆ ಮುಂತಾದ ಕಾರಣಗಳಿಂದ ಮರಳಿ ಬಂದವರ ಕಪಾಟುಗಳಲ್ಲಿ ಆ ಪತ್ರ ಇಂದಿಗೂ ಇರುತ್ತದೆ. ‘ಅದು ಮತ್ತೆ ಕೆಲಸಕ್ಕೆ ಬಂದೀತೇ?’ ಎಂಬ ಪ್ರಶ್ನೆ ಅನೇಕ ಮನೆಗಳ ಪ್ರಶ್ನೆಯಾಗಿದೆ.

ನನ್ನ ತಂಗಿಯ ಮನೆಯಲ್ಲಿ ಆ ಪ್ರಶ್ನೆ 2023ರ ದೀಪಾವಳಿಯ ಹೊತ್ತಿಗೆ ಎದ್ದಿತು. ತಂಗಿಯನ್ನು ಕೊಟ್ಟಿರುವುದು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಗೆ. ಭಾವನವರು ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಊರಿಗೆ ಮರಳಿ ಒಕ್ಕಲುತನ ಹಿಡಿದವರು. ಗೋವಿನಜೋಳ, ಹತ್ತಿ ಬೆಳೆಯುವ ಎಂಟು ಎಕರೆ ಹೊಲ. ಒಬ್ಬನೇ ಮಗ. ಅವನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಗ, 2018ರಲ್ಲಿ ಅವನ ಹೆಸರು ಚೀಟಿಯಲ್ಲಿ ಬಂದು, ಆ ವರ್ಷದ ನವೆಂಬರ್ 10ರಂದು ಅಮೆರಿಕೆಯ ಟೆಕ್ಸಸ್‌ನಲ್ಲಿ ಇಳಿದನು. ಎರಡೂವರೆ ವರ್ಷ ಚೆನ್ನಾಗಿ ನಡೆಯಿತು. 2021ರಲ್ಲಿ ಕೊರೊನಾದ ಎರಡನೆಯ ಅಲೆ ನಮ್ಮ ಸೀಮೆಯನ್ನು ಹೊಕ್ಕಾಗ ಭಾವನವರು ಆಸ್ಪತ್ರೆ ಸೇರಿದರು. ಜೀವ ಉಳಿಯಿತು, ಆದರೆ ಮರುವಾರವೇ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತವು. ಮಗ ಜೂನ್ 20ರಂದು ಅಲ್ಲಿಂದ ಹೊರಟು ಬಂದನು.

ಬಂದವನು ಒಂದು ತಿಂಗಳಲ್ಲಿ ಹಿಂದಿರುಗಬೇಕಾಗಿತ್ತು. ಆದರೆ ಆ ವರ್ಷದ ಮೇ 4ರಿಂದ ಭಾರತದಿಂದ ಬರುವ ಪರದೇಶದವರ ಪ್ರವೇಶಕ್ಕೆ ಅಮೆರಿಕ ಸರಕಾರ ನಿರ್ಬಂಧ ಹಾಕಿತ್ತು. ಅದು ತೆರವಾದದ್ದು ನವೆಂಬರ್ 8ರಂದು. ಅಷ್ಟರೊಳಗೆ ಅವನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ತೀರಿತ್ತು. ತಂದೆಗೆ ಎದ್ದು ಕೂರಲು ಇನ್ನೊಬ್ಬರ ಹೆಗಲು ಬೇಕಿತ್ತು. ಕಂಪನಿ ಆರು ತಿಂಗಳು ಕಾಯ್ದು, ಅವನ ಹೆಸರನ್ನು ಪಟ್ಟಿಯಿಂದ ತೆಗೆದು, ತನ್ನ ಮನವಿಯನ್ನೂ ಹಿಂತೆಗೆದುಕೊಂಡಿತು. ಹುಡುಗ ಹದಿನಾಲ್ಕು ತಿಂಗಳು ತಂದೆಯ ಸೇವೆ ಮಾಡಿದನು, ಹೊಲ ನೋಡಿಕೊಂಡನು; ಭಾವನವರು ಕೋಲೂರಿ ನಡೆಯುವಂತಾದ ಮೇಲೆ ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದನ್ನು ಸೇರಿದನು. 2023ರ ಅಕ್ಟೋಬರಿನಲ್ಲಿ ಅಮೆರಿಕೆಯ ಬೇರೊಂದು ಕಂಪನಿ ಅವನನ್ನು ಕೆಲಸಕ್ಕೆ ಕರೆಯಿತು. ಆಸ್ಪತ್ರೆಗಾಗಿ ಮಾಡಿದ ಸಾಲ ಇನ್ನೂ ಹಾಗೆಯೇ ಇತ್ತು. ಹೋಗಬೇಕೆಂಬ ಮನಸ್ಸು ಅವನಿಗೂ ಇತ್ತು. ಈಗ ಹೋಗಿ ಬಾ ಎಂದು ತಂದೆಯೇ ಹೇಳಿದರು.

ಇಲ್ಲಿ ನಡುವೆ ಬಂದವನು ಬೆಂಗಳೂರಿನ ಒಬ್ಬ ಏಜೆಂಟ. ‘ನಿಮ್ಮ ಹಳೆಯ ಅನುಮೋದನೆಗೆ ನಾವು ಜೀವ ಕೊಡಿಸುತ್ತೇವೆ, ಆರು ಲಕ್ಷ ಆಗುತ್ತದೆ’ ಎಂದನಂತೆ. ಆ ಹದಿನಾಲ್ಕು ತಿಂಗಳು ಬರಿದಾಗಿ ಕಾಣಬಾರದೆಂದು ಯಾವುದೋ ಸಂಸ್ಥೆಯಲ್ಲಿ ದುಡಿದಂತೆ ಅನುಭವ ಪತ್ರವನ್ನೂ ತಾನೇ ಮಾಡಿಸಿಕೊಡುವುದಾಗಿ ಹೇಳಿದನಂತೆ. ತಂಗಿ ನನಗೆ ಫೋನು ಮಾಡಿ, “ಅಣ್ಣಾ, ಹಳ್ಳದ ದಂಡಿ ಎರಡು ಎಕರೆ ಕೊಟ್ಟುಬಿಡ್ತೀವಿ. ಹೊಲ ಹೋದ್ರ ಹೋಗ್ಲಿ, ಹುಡುಗನ ಬಾಳೇವು ನೆಟ್ಟಗಾಗ್ಲಿ” ಎಂದಳು. ನಾನು ಬ್ಯಾಂಕಿನ ನೌಕರಿಯಲ್ಲಿ ಮೂವತ್ತು ವರ್ಷ ಕಾಗದಗಳನ್ನೇ ಓದಿದವನು. ಕೊಡುವುದಾದರೂ ಮೊದಲು ಕಾಗದ ಓದಿ ಕೊಡೋಣ ಎಂದು ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದೆನು.

ಮೊದಲು ತಿಳಿಯಬೇಕಾದದ್ದು ಇದು: ಅನುಮೋದನೆ, ವೀಸಾ, ಪ್ರವೇಶ, ಈ ಮೂರೂ ಬೇರೆ ಬೇರೆ. ‘ಐ-797’ ಎಂಬ ಅನುಮೋದನೆ ಪತ್ರ ಕಂಪನಿಯ ಮನವಿಗೆ ಅಮೆರಿಕೆಯ ವಲಸೆ ಇಲಾಖೆ ಕೊಟ್ಟ ಒಪ್ಪಿಗೆ. ಅದು ಆ ಕಂಪನಿಗೆ, ಆ ಕೆಲಸಕ್ಕೆ, ಆ ಅವಧಿಗೆ ಸಂಬಂಧಪಟ್ಟದ್ದು. ವೀಸಾ ಎಂಬುದು ದೂತಾವಾಸದವರು ಪಾಸ್‌ಪೋರ್ಟಿನಲ್ಲಿ ಹಾಕುವ ಮುದ್ರೆ. ಬಾಗಿಲ ತನಕ ಹೋಗಲು ಅದು ಬೇಕು. ಒಳಗೆ ಬಿಡುವುದು, ಎಷ್ಟು ದಿನಕ್ಕೆಂದು ಬರೆಯುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಯ ಕೆಲಸ. ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಮದುವೆಯಾದಂತಲ್ಲ. ಹಳೆಯ ಕಂಪನಿಯ ಅನುಮೋದನೆಯನ್ನು ಹಿಡಿದು ಹೊಸ ಕಂಪನಿಯಲ್ಲಿ ದುಡಿಯಲು ಯಾರಿಗೂ ಆಗದು. ‘ಜೀವ ಕೊಡಿಸುವುದು’ ಎಂಬ ಮಾತಿಗೆ ಕಾಯ್ದೆಯಲ್ಲಿ ಅರ್ಥವೇ ಇಲ್ಲ.

ಹಾಗಾದರೆ ಹಳೆಯದರಲ್ಲಿ ಉಳಿದದ್ದೇನು? ಉಳಿದದ್ದು ಎಣಿಕೆ. ಎಚ್-1ಬಿ ಮೇಲೆ ಒಬ್ಬ ವ್ಯಕ್ತಿ ಅಲ್ಲಿ ಇರಬಹುದಾದ ಒಟ್ಟು ಕಾಲ ಸಾಮಾನ್ಯವಾಗಿ ಆರು ವರ್ಷ. ಈ ಆರು ವರ್ಷಗಳಲ್ಲಿ ಲೆಕ್ಕಕ್ಕೆ ಬರುವುದು ಅವನು ಆ ನೆಲದ ಮೇಲೆ ಇದ್ದ ದಿನಗಳು ಮಾತ್ರ. ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಲ ಹೊರಗಿದ್ದ ದಿನಗಳನ್ನು ಸಾಕ್ಷ್ಯ ಸಮೇತ ತೋರಿಸಿದರೆ ಆ ದಿನಗಳನ್ನು ಮರಳಿ ಕೇಳಬಹುದು. ಒಮ್ಮೆ ವಾರ್ಷಿಕ ಮಿತಿಯಲ್ಲಿ ಎಣಿಕೆಯಾದವನು ತನ್ನ ಆರು ವರ್ಷಗಳಲ್ಲಿ ಉಳಿದ ಭಾಗವನ್ನು ಕೇಳಿದರೆ ಅವನನ್ನು ಮತ್ತೊಮ್ಮೆ ಎಣಿಸುವುದಿಲ್ಲ, ಅಂದರೆ ಮತ್ತೆ ಚೀಟಿಯ ಸರದಿ ಬೇಕಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ಹೊರಗಿದ್ದವನಿಗೆ ಎರಡು ದಾರಿಗಳಿವೆ: ಹೊಸದಾಗಿ ಪೂರ್ತಿ ಆರು ವರ್ಷ ಬೇಕೆಂದರೆ ಎಲ್ಲರಂತೆ ಚೀಟಿಗೆ ನಿಲ್ಲಬೇಕು, ಉಳಿದ ದಿನಗಳು ಸಾಕೆಂದರೆ ಚೀಟಿಯಿಲ್ಲದೆ ಕೇಳಬಹುದು. ಈ ಮಾತನ್ನು 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಸ್ಪಷ್ಟವಾಗಿ ಬರೆದಿವೆ. ಹಳೆಯ ಕಂಪನಿ ಮುಚ್ಚಿದರೂ, ಮನವಿಯನ್ನು ಹಿಂತೆಗೆದುಕೊಂಡಿದ್ದರೂ, ಹೋಗಿ ದುಡಿದವನ ಎಣಿಕೆ ಅಳಿಯುವುದಿಲ್ಲ. ಮನವಿ ವಂಚನೆಯದೆಂದು ರದ್ದಾಗಿದ್ದರೆ ಮಾತ್ರ ಆ ಸ್ಥಾನವನ್ನು ಸರಕಾರ ಮರಳಿ ಪಡೆಯುತ್ತದೆ.

ಪಡಸಾಲೆಯಲ್ಲಿ ಚಾಪೆ ಹಾಸಿ, ಮಾವ ಅಳಿಯ ಇಬ್ಬರೂ ಪಾಸ್‌ಪೋರ್ಟು, ವಿಮಾನದ ಚೀಟಿಗಳು, ಸಂಬಳದ ಪಟ್ಟಿಗಳನ್ನು ಹರಡಿಕೊಂಡು ಕುಳಿತೆವು. 2018ರ ನವೆಂಬರ್ 10ರಿಂದ 2021ರ ಜೂನ್ 20ರವರೆಗೆ 954 ದಿನಗಳು. ನಡುವೆ 2019ರ ಡಿಸೆಂಬರಿನಲ್ಲಿ ಊರಿಗೆ ಬಂದು ಸಂಕ್ರಾಂತಿ ಮುಗಿಸಿ ಹೋದಾಗ ಹೊರಗೆ ಕಳೆದ ಪೂರ್ಣ ದಿನಗಳು 31. ಕಳೆದರೆ 923. ಆರು ವರ್ಷಕ್ಕೆ 2,191 ದಿನಗಳೆಂದು ಹಿಡಿದರೆ ಉಳಿದದ್ದು 1,268 ದಿನ, ಅಂದರೆ ಮೂರು ವರ್ಷ ಐದು ತಿಂಗಳಿಗೆ ತುಸು ಹೆಚ್ಚು. ಭಾವನವರು ಆರಾಮ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿದರು. “ಇಷ್ಟ ಐತಿ ಅಂತ ಗೊತ್ತಾತಲ್ಲ, ಅದ ದೊಡ್ಡದು” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಎಷ್ಟು ಉಳಿದಿದೆಯೆಂಬ ಅರಿವಿಲ್ಲದವನು ಇದ್ದುದಕ್ಕಿಂತ ಹೆಚ್ಚನ್ನು ನಂಬಿ ಸಾಲ ಮಾಡುತ್ತಾನೆ, ಇಲ್ಲವೇ ಇದ್ದುದನ್ನೂ ಇಲ್ಲವೆಂದು ಬಗೆದು ಬಿಟ್ಟುಬಿಡುತ್ತಾನೆ.

ಇನ್ನು ಆರು ಲಕ್ಷದ ಮಾತು. ಎಚ್-1ಬಿ ಮನವಿಯನ್ನು ಸಲ್ಲಿಸುವವನು ಕೆಲಸ ಕೊಡುವವನೇ ಹೊರತು ಕೆಲಸಗಾರನಲ್ಲ. ಮೊದಲು ಕಾರ್ಮಿಕ ಇಲಾಖೆಯ ಮುಂದೆ ‘ಈ ಊರಿನಲ್ಲಿ ಈ ಕೆಲಸಕ್ಕೆ ನಡೆಯುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲ’ ಎಂದು ಕಂಪನಿ ಘೋಷಿಸಬೇಕು; ಆನಂತರ ವಲಸೆ ಇಲಾಖೆಗೆ ಮನವಿ. ಅದರ ಸರಕಾರಿ ಶುಲ್ಕಗಳನ್ನೂ ವಕೀಲರ ಖರ್ಚನ್ನೂ ಕಂಪನಿಯೇ ತೆರಬೇಕೆಂಬುದು ಅಲ್ಲಿನ ನಿಯಮ. ಅವನ್ನು ಕೆಲಸಗಾರನ ಮೇಲೆ ಹೊರಿಸುವಂತಿಲ್ಲ. ಅಲ್ಲಿಗೆ ಕರೆಸಿಕೊಂಡ ಮೇಲೆ ‘ಕೆಲಸ ಬಂದಿಲ್ಲ, ಸಂಬಳವಿಲ್ಲ’ ಎಂದು ಕೂಡಿಸುವುದೂ ನಿಷಿದ್ಧ. ಪ್ರವೇಶಿಸಿದ ಮೂವತ್ತು ದಿನಗಳೊಳಗೆ ಸಂಬಳ ಆರಂಭವಾಗಲೇಬೇಕು. ಹೀಗಿರುವಾಗ ಅನುಮೋದನೆಗೆಂದು ಹುಡುಗನ ತಂದೆಯಿಂದ ಲಕ್ಷ ಲಕ್ಷ ಕೇಳುವವನು ಯಾವ ಕೆಲಸವನ್ನು ಮಾರುತ್ತಿದ್ದಾನೆ? ಹೊಸ ಕಂಪನಿಯನ್ನೇ ನೇರವಾಗಿ ಕೇಳಿದಾಗ, ಇಂಥ ಏಜೆಂಟನ ಹೆಸರನ್ನೇ ತಾವು ಕೇಳಿಲ್ಲವೆಂದೂ, ತಮ್ಮ ವಕೀಲರಿಗೆ ಹಳೆಯ ಕಾಗದಗಳ ಪ್ರತಿ ಕಳಿಸಿದರೆ ಸಾಕೆಂದೂ ಉತ್ತರ ಬಂದಿತು. ಹಳ್ಳದ ದಂಡೆಯ ಎರಡು ಎಕರೆ ಉಳಿಯಿತು.

ಸುಳ್ಳು ಅನುಭವ ಪತ್ರದ ಮಾತು ಅಷ್ಟು ಬೇಗ ಮುಗಿಯಲಿಲ್ಲ. ತಂಗಿಗೆ ಅದೊಂದು ಸಣ್ಣ ಸಂಗತಿಯೆನಿಸಿತ್ತು. ಎಲ್ಲರೂ ಮಾಡುತ್ತಾರಂತೆ, ಒಂದು ಕಾಗದ ತಾನೆ ಎಂದಳು. ಆಗ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಿಂದಲೇ ಆ ದಂಪತಿಗಳ ನಿತ್ಯ ದಾಸೋಹ. ಒಂದು ದಿನ ಅವರು ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದರು. ಅದು ಕದ್ದದ್ದಲ್ಲ, ಬೇಡಿದ್ದಲ್ಲ. ಆದರೂ ಲಕ್ಕಮ್ಮನವರು ತಮಗೆ ಸಲ್ಲುವುದು ಇಷ್ಟೇ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಹೆಚ್ಚು ಅಕ್ಕಿಯನ್ನೇ ಒಲ್ಲದ ಆ ತಾಯಿ ಇಲ್ಲದ ದುಡಿಮೆಯನ್ನು ಇದೆಯೆಂದು ಬರೆದ ಕಾಗದವನ್ನು ಮನೆಯೊಳಗೆ ಬಿಡುತ್ತಿದ್ದರೇ? ಈ ಮಾತನ್ನು ನಾನು ತಂಗಿಗೆ ಉಪದೇಶವಾಗಿ ಹೇಳಲಿಲ್ಲ; ಮನೆಯಲ್ಲಿ ಎಲ್ಲರೂ ಬಲ್ಲ ಕಥೆಯನ್ನು ನೆನಪಿಸಿದೆನಷ್ಟೆ. ಅಷ್ಟರಲ್ಲಿ ಹುಡುಗನೇ, “ಮಾಮಾ, ಅಪ್ಪನ ಸೇವಾ ಮಾಡಿದ್ದನ್ನ ಮುಚ್ಚಿಡಾಕ ಸುಳ್ಳು ಬರೀಬೇಕಾ?” ಎಂದು ಕೇಳಿದನು. ಅವನ ದನಿಯಲ್ಲಿ ಸಿಟ್ಟಿತ್ತು. ತಂಗಿ ಸುಮ್ಮನಾದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ತನ್ನ ವಿವರಪತ್ರದಲ್ಲಿ ಇದ್ದುದನ್ನೇ ಬರೆದನು: ಹದಿನಾಲ್ಕು ತಿಂಗಳು ತಂದೆಯ ಆರೈಕೆ ಮತ್ತು ಕೃಷಿ. ಕಂಪನಿಯ ವಕೀಲರು ಅದನ್ನು ಓದಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಮನವಿಗೆ ಬೇಕಾದದ್ದು ಅವನ ಪದವಿ, ಆ ಪದವಿಗೆ ಹೊಂದುವ ಕೆಲಸ, ಹಿಂದೆ ಅಲ್ಲಿ ನಿಯಮಬದ್ಧವಾಗಿ ಇದ್ದನೆಂಬುದಕ್ಕೆ ಸಾಕ್ಷ್ಯ. ಊರಿನಲ್ಲಿ ಕಳೆದ ತಿಂಗಳುಗಳಿಗೆ ಕ್ಷಮೆ ಕೇಳುವ ಅಗತ್ಯವಿರಲಿಲ್ಲ. ಸುಳ್ಳು ಪತ್ರವನ್ನು ಸೇರಿಸಿದ್ದರೆ, ಅದು ಬಯಲಾದ ದಿನ ಇದ್ದ ಎಣಿಕೆಗೂ ಕುತ್ತು ಬರುತ್ತಿತ್ತು. ಕಾಯ್ದೆಯ ಕಣ್ಣಿನಲ್ಲಿ ಉದ್ದೇಶಪೂರ್ವಕವಾದ ಸುಳ್ಳು ಹೇಳಿಕೆ ಮುಂದಿನ ಎಲ್ಲ ವೀಸಾಗಳಿಗೂ ಅಡ್ಡ ನಿಲ್ಲುವಂಥದು. ಸತ್ಯಶುದ್ಧ ಕಾಯಕವೆಂಬುದನ್ನು ನಾವು ಸಭೆಗಳಲ್ಲಿ ಮಾತ್ರ ಆಡುತ್ತೇವೆ. ಅದು ಅರ್ಜಿಯ ಒಂದು ಕಾಲಮ್ಮಿನಲ್ಲಿ ಪರೀಕ್ಷೆಗೆ ಬರುತ್ತದೆಂಬುದನ್ನು ಆ ದಿನ ಕಂಡೆನು.

ಇದೇ ಕಾಲಕ್ಕೆ ಮದುವೆಯ ಮಾತುಕತೆಯೂ ನಡೆದಿತ್ತು. ಹೆಣ್ಣಿನ ಕಡೆಯವರು ಗದುಗಿನವರು, ಸದಾಚಾರಿಗಳು, ಹುಡುಗಿ ಎಂ.ಟೆಕ್. ಮಾಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕಿ. ನಡುವಿನ ಹಿರಿಯರೊಬ್ಬರು ‘ಹುಡುಗನಿಗೆ ಅಮೆರಿಕದ ವೀಸಾ ಕೈಯಲ್ಲಿದೆ’ ಎಂದು ಹೇಳಿಬಿಟ್ಟಿದ್ದರು. ಪುರವಂತರು ನಾವೇ ಹೋಗಿ ಆ ಮಾತನ್ನು ತಿದ್ದಬೇಕೆಂದು ಭಾವನವರು ಪಟ್ಟು ಹಿಡಿದರು. ಗದುಗಿಗೆ ಹೋಗಿ ಕುಳಿತು, ವೀಸಾ ಇಲ್ಲ, ಹಳೆಯ ಎಣಿಕೆಯಲ್ಲಿ ಮೂರು ವರ್ಷ ಐದು ತಿಂಗಳು ಉಳಿದಿದೆ, ಹೊಸ ಮನವಿ ಒಪ್ಪಿಗೆಯಾಗಿ ದೂತಾವಾಸದವರು ಮುದ್ರೆ ಹಾಕಿದರೆ ಮಾತ್ರ ಹೋಗುವುದು ಎಂದು ನಾನು ಬಿಡಿಸಿ ಹೇಳಿದೆನು. ಹುಡುಗಿಯ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡ್ರೀ, ಇದನ್ನ ಹೇಳಾಕ ಇಷ್ಟು ದೂರ ಬಂದ್ರಲ್ಲ, ನಮಗ ಅದ ಸಾಕು” ಎಂದರು.

ನಿಜವಾದ ಪ್ರಶ್ನೆಯನ್ನು ಕೇಳಿದವಳು ಹುಡುಗಿ. “ನಾನು ಅಲ್ಲಿಗೆ ಹೋದರೆ ನನಗೆ ಪಾಠ ಹೇಳಲು ಅನುಮತಿ ಇರುತ್ತದೆಯೇ?” ಎಂದಳು. ಇದನ್ನು ಹೆಣ್ಣು ಹೆತ್ತವರೆಲ್ಲ ಕೇಳಬೇಕು. ಎಚ್-1ಬಿ ಉಳ್ಳವನ ಹೆಂಡತಿಗೆ ಸಿಗುವುದು ‘ಎಚ್-4’ ಎಂಬ ಅವಲಂಬಿತರ ವೀಸಾ. ಅದರ ಮೇಲೆ ಇರಬಹುದು, ಓದಬಹುದು, ಸಾಮಾನ್ಯವಾಗಿ ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ, ಗಂಡನ ಗ್ರೀನ್ ಕಾರ್ಡಿನ ಮನವಿ ಒಂದು ಹಂತಕ್ಕೆ ಒಪ್ಪಿಗೆಯಾಗಿದ್ದವರ ಹೆಂಡಂದಿರಿಗೆ ಕೆಲಸದ ಅನುಮತಿ ಕೊಡುವ ನಿಯಮ ಬಂದಿದೆ. ಉಳಿದವರಿಗೆ ಸಾಮಾನ್ಯವಾಗಿ ಅದು ಸಲ್ಲದು. ಆರು ವರ್ಷಗಳ ಮಿತಿ ಮೀರಿ ಇರುವುದೂ ಗ್ರೀನ್ ಕಾರ್ಡಿನ ದಾರಿಯಲ್ಲಿ ಕಂಪನಿ ಸಕಾಲಕ್ಕೆ ಹೆಜ್ಜೆ ಇಟ್ಟಿದ್ದರೆ ಮಾತ್ರ ಸಾಧ್ಯ. ಒಂದೊಂದು ದೇಶಕ್ಕೆ ನೂರಕ್ಕೆ ಏಳರಷ್ಟು ಮಾತ್ರ ಎಂಬ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರ ಸರತಿ ಬಹು ಉದ್ದ. ಆದುದರಿಂದ ಮೂರೂವರೆ ವರ್ಷ ಅಂದರೆ ಮೂರೂವರೆ ವರ್ಷ ಎಂದೇ ಎಣಿಸಿ ನಿರ್ಧಾರ ಮಾಡಬೇಕೆಂದು ಎರಡೂ ಮನೆಯವರು ಒಪ್ಪಿದೆವು. ಹುಡುಗಿ ತನ್ನ ವೃತ್ತಿಯನ್ನು ಬಿಡದೆ ಇಲ್ಲಿಯೇ ಸಂಶೋಧನೆ ಮುಗಿಸುವುದು, ರಜೆಗಳಲ್ಲಿ ಹೋಗಿಬರುವುದು ಎಂದಾಯಿತು. ತನ್ನ ಬದುಕಿನ ಲೆಕ್ಕವನ್ನು ಆಕೆಯೇ ಮಾಡಿದಳು. ಅಕ್ಕನಾಗಮ್ಮ, ಲಕ್ಕಮ್ಮನವರ ಹೆಸರು ಹೇಳುವ ಸಮಾಜದಲ್ಲಿ ಅದು ಹಾಗೆಯೇ ಆಗಬೇಕು.

ಹೊಸ ಮನವಿ 2024ರ ಫೆಬ್ರುವರಿಯಲ್ಲಿ ಸಲ್ಲಿಕೆಯಾಯಿತು. ಹಳೆಯ ಎಣಿಕೆಯ ಮೇಲೆ ಕೇಳುವವರಿಗೆ ಏಪ್ರಿಲ್ ತಿಂಗಳ ಸರದಿಯೂ ಇಲ್ಲ, ಅಕ್ಟೋಬರ್ 1ರವರೆಗೆ ಕಾಯಬೇಕಾದ ನಿರ್ಬಂಧವೂ ಇಲ್ಲ. ಒಂದು ಮನವಿಗೆ ಒಮ್ಮೆಗೆ ಮೂರು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲವಾದ್ದರಿಂದ ಮೂರು ವರ್ಷಕ್ಕೆ ಒಪ್ಪಿಗೆ ಬಂದಿತು. ಮಿಕ್ಕ ತಿಂಗಳುಗಳನ್ನು ಆಮೇಲೆ ಕೇಳಬೇಕು. ಏಪ್ರಿಲಿನಲ್ಲಿ ಚೆನ್ನೈಗೆ ಹೋಗಿ, ಜೆಮಿನಿ ಮೇಲ್ಸೇತುವೆಯ ಬಳಿಯ ದೂತಾವಾಸದಲ್ಲಿ ಸಂದರ್ಶನ ಮುಗಿಸಿ ಬಂದನು. ಮೂರು ವರ್ಷ ಎಲ್ಲಿದ್ದೆ ಎಂದು ಅಧಿಕಾರಿ ಕೇಳಿದಾಗ ಅವನು ಇದ್ದುದನ್ನು ಇದ್ದಂತೆ ಹೇಳಿದನಂತೆ. ಮದುವೆ ಮುಗಿಸಿಕೊಂಡು ಮೇ ತಿಂಗಳ ಕೊನೆಗೆ ಹೊರಟನು. ಅವನ ಎಣಿಕೆ 2027ರ ಕೊನೆಯ ತಿಂಗಳುಗಳಲ್ಲಿ ತೀರುತ್ತದೆ. ಆ ವರ್ಷವನ್ನು ಎರಡೂ ಮನೆಯವರು ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದಾರೆ. ಆಸ್ಪತ್ರೆಯ ಸಾಲ ಮೊದಲ ವರ್ಷದಲ್ಲೇ ತೀರಿತು.

ಇದೇ ಹಾದಿ ಇಂದು ಎಲ್ಲರಿಗೂ ಇಷ್ಟು ಸುಗಮವೆಂದು ಯಾರೂ ತಿಳಿಯಬಾರದು. 2025ರ ಸೆಪ್ಟೆಂಬರ್ 19ರಂದು ಅಮೆರಿಕೆಯ ಅಧ್ಯಕ್ಷರು ಹೊರಡಿಸಿದ ಘೋಷಣೆಯೊಂದು, ಸೆಪ್ಟೆಂಬರ್ 21ರ ನಂತರ ಸಲ್ಲಿಸುವ ಹೊಸ ಎಚ್-1ಬಿ ಮನವಿಗಳಿಗೆ ಒಂದು ಲಕ್ಷ ಡಾಲರುಗಳ ಹೊರೆಯನ್ನು ಹಾಕಿತು. ಮೊದಲಿಗೆ ಅದು ಹನ್ನೆರಡು ತಿಂಗಳ ಅವಧಿಗೆಂದು ಹೊರಟದ್ದು. ಅಮೆರಿಕೆಯ ಹೊರಗಿದ್ದು, ಜೀವಂತ ಎಚ್-1ಬಿ ವೀಸಾ ಇಲ್ಲದವರ ಮನವಿಗಳಿಗೆ ಅದು ಅನ್ವಯಿಸುತ್ತದೆಂದು ವಲಸೆ ಇಲಾಖೆ ಅದೇ ಅಕ್ಟೋಬರಿನಲ್ಲಿ ವಿವರಿಸಿತು. ಹಳೆಯ ಎಣಿಕೆ ಚೀಟಿಯಿಂದ ಬಿಡುಗಡೆ ಕೊಡುತ್ತದೆಯೇ ಹೊರತು ಈ ಹೊರೆಯಿಂದ ಬಿಡುಗಡೆ ಕೊಡುವುದಿಲ್ಲ. ಆದುದರಿಂದ ಮನವಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಕಂಪನಿಯ ವಕೀಲರಿಂದಲೇ ಕೇಳಿ ತಿಳಿಯಬೇಕು. ಒಬ್ಬರಿಗೆ ಹೋದ ವರ್ಷ ಆದದ್ದು ನಮಗೆ ಈ ವರ್ಷ ಆಗಲೇಬೇಕೆಂದಿಲ್ಲ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕೆಯ ದೂತಾವಾಸ ಉದ್ಘಾಟನೆಯಾದಾಗ ನಮ್ಮವರಿಗೆಲ್ಲ ಚೆನ್ನೈ ಪ್ರಯಾಣ ತಪ್ಪಿತೆಂಬ ಸುದ್ದಿ ಹಬ್ಬಿತು. ಆ ಹೊತ್ತಿಗೆ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ.

ಇನ್ನೊಂದು ಬಗೆಯವರಿದ್ದಾರೆ. ಅವರ ಹೆಸರು ಚೀಟಿಯಲ್ಲಿ ಬಂದು, ಅನುಮೋದನೆಯೂ ಆಗಿ, ಒಂದು ದಿನವೂ ಹೋಗಲಾಗದೆ ಉಳಿದವರು. 2020ರ ಜೂನ್ 22ರ ಘೋಷಣೆಯಿಂದ, ಕೈಯಲ್ಲಿ ವೀಸಾ ಇಲ್ಲದೆ ಹೊರಗಿದ್ದವರ ಎಚ್-1ಬಿ ಪ್ರವೇಶವೇ ನಿಂತು, ಅದು 2021ರ ಮಾರ್ಚ್ 31ರವರೆಗೆ ಮುಂದುವರಿದಾಗ ಇಂಥವರು ಬಹಳ ಮಂದಿಯಾದರು. ಅವರ ಸ್ಥಿತಿ ನಮ್ಮ ಹುಡುಗನದಕ್ಕಿಂತ ಸೂಕ್ಷ್ಮವಾದದ್ದು. ಹಿಂದಿನ ಆರು ವರ್ಷಗಳೊಳಗೆ ಎಣಿಕೆಯಾದವನನ್ನು ಮತ್ತೆ ಎಣಿಸಬಾರದೆಂದು ಹೇಳುವ ಕಾಯ್ದೆಯ ಅದೇ ವಾಕ್ಯ, ಪೂರ್ತಿ ಆರು ವರ್ಷಕ್ಕೆ ಅರ್ಹನಾಗಿರುವವನನ್ನು ಹೊರತುಪಡಿಸಿ ಎಂದೂ ಸೇರಿಸುತ್ತದೆ. ಒಂದು ದಿನವನ್ನೂ ಬಳಸದವನ ಆರು ವರ್ಷಗಳು ಇಡಿಯಾಗಿಯೇ ಇರುತ್ತವೆ. ಹೀಗೆ ಬಳಸದೆ ಉಳಿದ ಸ್ಥಾನವನ್ನು ಕಂಪನಿ ಸರಕಾರಕ್ಕೆ ತಿಳಿಸಿ ಮರಳಿಸಿದ್ದರೆ ಎಣಿಕೆಯ ಆಧಾರವೂ ಹೋಗುತ್ತದೆ. ಆದುದರಿಂದ ಇಂಥವರು ಅನುಮೋದನೆ ಪತ್ರದ ಪ್ರತಿ, ವೀಸಾ ಮುದ್ರೆ ಬಿದ್ದಿದ್ದರೆ ಅದರ ಪ್ರತಿ, ಕಂಪನಿ ಮನವಿಯನ್ನು ಹಿಂತೆಗೆದುಕೊಂಡಿದೆಯೇ ಎಂಬ ಮಾಹಿತಿ, ಇವುಗಳನ್ನು ಕೂಡಿಸಿಕೊಂಡು ಅಮೆರಿಕೆಯ ವಲಸೆ ಕಾನೂನನ್ನು ಬಲ್ಲ ವಕೀಲರ ಮುಂದಿಟ್ಟು, ಅವರ ಮಾತು ಬಂದ ಮೇಲೆಯೇ ಇಲ್ಲಿನ ನೌಕರಿಯನ್ನು ಬಿಡುವ ವಿಚಾರ ಮಾಡಬೇಕು. ಬೇರೊಂದು ದೇಶದ ಕಾಯ್ದೆಯಲ್ಲಿ ಒಂದು ಉಪವಾಕ್ಯದ ಮೇಲೆ ನಿಂತ ಭರವಸೆಗೆ ಹೊಲವನ್ನೂ ಮದುವೆಯನ್ನೂ ಕಟ್ಟಬಾರದು.

ಮರಳಿ ಬಂದವರ ಮನೆಯವರಿಗೆ ನನ್ನ ವಿನಂತಿ ಇಷ್ಟೆ. ಹಳೆಯ ಪಾಸ್‌ಪೋರ್ಟನ್ನು ಅವಧಿ ಮುಗಿದಿದೆಯೆಂದು ಬಿಸಾಡಬೇಡಿರಿ. ಅದರ ಮುದ್ರೆಗಳೇ ದಿನಗಳ ಲೆಕ್ಕಕ್ಕೆ ಸಾಕ್ಷಿ. ಅನುಮೋದನೆ ಪತ್ರಗಳು, ಸಂಬಳದ ಪಟ್ಟಿ, ತೆರಿಗೆಯ ಕಾಗದ, ವಿಮಾನದ ಚೀಟಿಗಳನ್ನು ಒಂದು ಕಡತದಲ್ಲಿ ಕಟ್ಟಿಡಿರಿ. ಹಣ ಕೇಳುವವನಿಗೆ ಕೊಡುವ ಮುನ್ನ ಕೆಲಸ ಕೊಡುವವನನ್ನು ಕೇಳಿರಿ. ಹೆಣ್ಣು ಗಂಡಿನ ಮಾತುಕತೆಯಲ್ಲಿ ಇದ್ದುದನ್ನು ಇದ್ದಷ್ಟೇ ಹೇಳಿರಿ. ತಂದೆತಾಯಿಗಳ ಸೇವೆಗಾಗಿ ಬಿಟ್ಟು ಬಂದ ವರ್ಷಗಳನ್ನು ಮಕ್ಕಳು ನಾಚಿಕೆಯಿಂದ ಮುಚ್ಚಿಡುವಂತೆ ಮಾಡಬೇಡಿರಿ. 

ಪರದೇಶದ ಸರಕಾರ ಕೊಡುವ ಅನುಮತಿ ನಮ್ಮ ಆಸ್ತಿಯಲ್ಲ. ನಿಯಮಿತ ಕಾಲಕ್ಕೆ ದುಡಿಯಲು ದೊರೆತ ಅವಕಾಶ. ಅದು ಉಳಿದಿದ್ದರೆ ಪ್ರಾಮಾಣಿಕವಾಗಿ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ, ಏಕೆಂದರೆ ಅದು ಇನ್ನೊಬ್ಬರ ಸ್ಥಾನವನ್ನು ಕಸಿದುಕೊಂಡದ್ದಲ್ಲ. ತೀರಿದ್ದರೆ ತೀರಿತೆಂದು ಒಪ್ಪಿಕೊಳ್ಳುವುದರಲ್ಲಿ ಸೋಲೂ ಇಲ್ಲ; ಹುಬ್ಬಳ್ಳಿಯ ಸಣ್ಣ ಸಂಸ್ಥೆಯ ದುಡಿಮೆಯೂ ರಾಣೆಬೆನ್ನೂರಿನ ಹೊಲದ ದುಡಿಮೆಯೂ ಕಾಯಕವೇ. ಪ್ರಸಾದ ನಿಲಯಗಳ ಅನ್ನವುಂಡು ಮೇಲೆ ಬಂದ ಮನೆತನಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿದ್ದರೂ ದುಡಿದು, ದುಡಿದುದರಲ್ಲಿ ಹಂಚಿ ಬಾಳುವ ಬುದ್ಧಿಯನ್ನು ನಮ್ಮ ಮಕ್ಕಳಿಗೆ ಬಸವಾದಿ ಪ್ರಮಥರು ಕರುಣಿಸಲಿ. ಶರಣು ಶರಣಾರ್ಥಿ.